ಕೌದಿಯ ನಡುವಿನ ಬಾತುಕೋಳಿ

ನಮ್ಮ ಮನೆಗೆ ಮೊದಲ ಸಲ ಬಂದವರಿಗೆ ಕುಡಿಯಲು ನೀರು ಕೊಡುವುದಕ್ಕೂ ಮೊದಲು ನಾನು ಒಂದು ಎಚ್ಚರಿಕೆ ಕೊಡುತ್ತೇನೆ: ನೆಲ ನೋಡಿಕೊಂಡು ಕಾಲಿಡಿ. ಬ್ರೂಕ್‌ಫೀಲ್ಡಿನ ಈ ಫ್ಲ್ಯಾಟಿನ ಹಾಲಿನಲ್ಲಿ ಸೋಫಾ ಗೋಡೆಗೆ ಒತ್ತಿಕೊಂಡು ನಿಂತು ವರ್ಷಗಳೇ ಆದವು. ನಡುವಿನ ಜಾಗವೆಲ್ಲ ನಮ್ಮ ಅತ್ತೆಯದು. ಅಲ್ಲಿ ಯಾವಾಗ ನೋಡಿದರೂ ಅರ್ಧ ಹೊಲಿದ ಒಂದು ಕೌದಿ ಹಾಸಿರುತ್ತದೆ. ಅದರ ಸುತ್ತಮುತ್ತ ಎಲ್ಲೋ ಒಂದು ಸೂಜಿ ಕಳೆದುಹೋಗಿರುತ್ತದೆ. ಅತ್ತೆ ಎಷ್ಟು ಹುಡುಕಿದರೂ ಸಿಗದ ಆ ಸೂಜಿ ನನ್ನ ಅಂಗಾಲಿಗೆ ಮಾತ್ರ ತಪ್ಪದೆ ಸಿಗುತ್ತದೆ.

ಅತ್ತೆ ಗದಗಿನ ಕಡೆಯವರು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆ ಇರಲು ಬಂದರು. ಬರುವಾಗ ತಂದ ಸಾಮಾನಿನಲ್ಲಿ ಅವರ ಬಟ್ಟೆಗಿಂತ ಊರವರ ಹಳೇ ಬಟ್ಟೆಯೇ ಹೆಚ್ಚಿತ್ತು. ಹಳೇ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಅಂಚಿನಿಂದ ನಡುವಿನವರೆಗೆ ಕೈಯಲ್ಲೇ ಸಾಲು ಹೊಲಿಗೆ ಹಾಕುತ್ತಾ ಹೋದರೆ ಕೌದಿಯಾಗುತ್ತದೆ. ದಾವಣಗೆರೆಯ ನಮ್ಮ ಮನೆಯಲ್ಲೂ ಅಜ್ಜಿಯ ಕಾಲದ ಒಂದು ಕೌದಿ ಇತ್ತು. ಆದರೆ ಅದಕ್ಕೆ ಇಷ್ಟೊಂದು ಕಾನೂನು ಇದೆ ಎಂದು ನನಗೆ ಗೊತ್ತಾಗಿದ್ದು ಅತ್ತೆ ಬಂದ ಮೇಲೆಯೇ.

ಮೊದಲನೆಯದಾಗಿ, ಕೌದಿಗೆ ಹೊಸ ಬಟ್ಟೆ ನಡೆಯುವುದಿಲ್ಲ. ಯಾರಾದರೂ ಮೈಮೇಲೆ ಹಾಕಿ, ಬೆವರಿ, ಒಗೆದು, ಮತ್ತೆ ಹಾಕಿ ಮೆತ್ತಗೆ ಮಾಡಿರಬೇಕು. ಒಮ್ಮೆ ನಮ್ಮವರು ತಾಯಿಯ ಮೇಲಿನ ಅಕ್ಕರೆಯಿಂದ ಆನ್‌ಲೈನಿನಲ್ಲಿ ಒಳ್ಳೆಯ ಕಾಟನ್ ಬೆಡ್‌ಶೀಟ್ ತರಿಸಿ ಕೊಟ್ಟರು. ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಚಲೋ ಐತಿ, ಆದ್ರ ಇದಕ್ಕಿನ್ನೂ ಯಾರ ಪರಿಚಯನೂ ಇಲ್ಲ. ನೀನ ಇದರ ಮ್ಯಾಲ ಮಲಗು, ಹಳೇದಾದ ಮ್ಯಾಲ ನೋಡೂಣು" ಎಂದು ಮಗನಿಗೇ ವಾಪಸು ಕೊಟ್ಟರು. ಪಾಪ, ಒಂದು ಬೇಸಿಗೆಯಿಡೀ ಅವರು ಅದರ ಮೇಲೆ ಮಲಗಿ ಹದ ಮಾಡಿಕೊಟ್ಟರು. ನನ್ನ ಮದುವೆಗೆ ಅತ್ತೆ ಉಡಿಸಿದ ಹಸಿರು ಇಳಕಲ್ ಸೀರೆಯ ಮೇಲೂ ಅವರ ಕಣ್ಣಿತ್ತು. ಆದರೆ ನಾನು ಅದನ್ನು ಉಟ್ಟರೆ ತಾನೆ? ಜೀನ್ಸ್ ಹಾಕಿಕೊಂಡು ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸಕ್ಕೆ ಹೋಗುವವಳು ನಾನು. ಸೀರೆ ಮಡಿಕೆ ಮುರಿಯದೆ ಪೆಟ್ಟಿಗೆಯಲ್ಲೇ ಇತ್ತು.

ಇನ್ನೊಂದು ಕಾನೂನು: ಮಗುವಿನ ಕೌದಿಗೆ ಮನೆಮಂದಿಯ ಬಟ್ಟೆ ಮಾತ್ರ. ದೊಡ್ಡವರ ಕೌದಿಗೆ ಪಕ್ಕದ ಮನೆಯವರ ಲುಂಗಿ ಹಾಕಿದರೂ ನಡೆಯುತ್ತದೆ, ಮಗುವಿನದಕ್ಕೆ ಮಾತ್ರ ಹೊರಗಿನವರ ಒಂದು ಎಳೆಯೂ ಸೇರಕೂಡದು. ತಂದೆಯ ಕಡೆಯದು, ತಾಯಿಯ ಕಡೆಯದು, ಅಷ್ಟೆ. ಇನ್ನು ಎಲ್ಲ ಕೌದಿಗೂ ಕೊನೆಯ ಒಂದು ಶಾಸ್ತ್ರವಿದೆ. ಒಂದು ಮೂಲೆಯಲ್ಲಿ ಬೆರಳು ತೂರುವಷ್ಟು ಬಾಯಿ ಬಿಟ್ಟು, ಅದರೊಳಗೆ ರೊಟ್ಟಿಯದೋ ಹೋಳಿಗೆಯದೋ ಒಂದು ಚೂರು ಇಟ್ಟು, ಆಮೇಲೆ ಹೊಲಿದು ಮುಚ್ಚಬೇಕು. "ಹಸದ ಕೌದಿ ಹೊಚ್ಚಿಕೊಂಡ್ರ ನಿದ್ದಿ ಹ್ಯಾಂಗ ಹತ್ತಬೇಕು?" ಎಂದು ಅತ್ತೆ ಕೇಳುತ್ತಾರೆ. ಇರುವೆ ಬರುತ್ತದಲ್ಲ ಅತ್ತೆ ಎಂದು ನಾನು ಹೇಳಿದ್ದಕ್ಕೆ, ಬರಲಿ, ಅವೂ ಹಸಿದಿರುತ್ತವೆ ಎಂದರು. ಅವರ ಜೊತೆ ವಾದ ಮಾಡಿ ಗೆದ್ದವರನ್ನು ನಾನಂತೂ ನೋಡಿಲ್ಲ.

ಹಾಲ್ ಹೀಗಾದರೆ ಬಾಲ್ಕನಿಯ ಕಥೆ ಇನ್ನೊಂದು. ಬಣ್ಣದ ಖಾಲಿ ಡಬ್ಬಗಳಲ್ಲಿ ಮೆಂತ್ಯ, ಕೊತ್ತಂಬರಿ, ಪುಂಡಿ ಸೊಪ್ಪು. ಒಂದು ದೊಡ್ಡ ಬಕೆಟಿನಲ್ಲಿ ಬಿಳಿಜೋಳ. ಹೌದು, ಜೋಳ. ಅದರಿಂದ ಒಂದು ರೊಟ್ಟಿಯೂ ಆಗುವುದಿಲ್ಲವೆಂದು ಗೊತ್ತಿದ್ದೂ ಪ್ರತಿವರ್ಷ ಬಿತ್ತುತ್ತಾರೆ, ತೆನೆ ಕಣ್ಣಿಗೆ ಬೀಳಬೇಕಂತೆ. ಅವರೆ ಬಳ್ಳಿ ನಮ್ಮ ಗ್ರಿಲ್ ಹತ್ತಿ ಮೇಲಿನ ಮನೆಯವರ ಬಾಲ್ಕನಿಗೆ ಹೋಗಿ ಅಲ್ಲೇ ಕಾಯಿ ಬಿಡುತ್ತದೆ. ನಾನು ಸಿಡಿಮಿಡಿಗೊಂಡರೆ ಅತ್ತೆ, "ಅವರ ಮನಿಗೆ ಬಿಸಲು ಚಲೋ ಬೀಳ್ತದ, ಅದಕ ಹೋಗೈತಿ. ನಿನ್ನಂಗ ಅದಕ್ಕೂ ಸಿಟ್ಟು ಬರಬೇಕೇನು?" ಎಂದು ನನ್ನ ಬಾಯಿ ಮುಚ್ಚಿಸುತ್ತಾರೆ.

ಎಳ್ಳಮವಾಸ್ಯೆಯೂ ಅದೇ ಬಾಲ್ಕನಿಯಲ್ಲೇ ನಡೆಯುತ್ತಿತ್ತು. ಅವರ ಊರಿನಲ್ಲಿ ಆ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಉಣ್ಣುವ ಮೊದಲು ಎಲ್ಲ ಅಡುಗೆಯನ್ನೂ ಸ್ವಲ್ಪ ಸ್ವಲ್ಪ ಕಲಸಿ, ಕೂಗುತ್ತಾ ಹೊಲದ ಸುತ್ತ ಚೆಲ್ಲುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಇಲ್ಲಿ ಹೊಲ ಎಲ್ಲಿಂದ ತರುವುದು? ಅತ್ತೆ ಜೋಳದ ಬಕೆಟಿಗೇ ಚರಗ ಚೆಲ್ಲುತ್ತಿದ್ದರು. ಒಂದು ವರ್ಷ ಕೈ ಜೋರಾಗಿ ಬೀಸಿ ಮೊಸರನ್ನ ಕೆಳಗೆ ನಿಂತಿದ್ದ ಯಾರದೋ ಕಾರಿನ ಗಾಜಿನ ಮೇಲೆ ಬಿತ್ತು. ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ ಫೋಟೋ ಬಂತು. ಪಾರಿವಾಳ ಎಂದು ನಾನು ಬರೆದೆ.

ಇಷ್ಟೆಲ್ಲ ನಗುನಗುತ್ತಾ ಹೇಳಿದೆ. ಆದರೆ ಇದೇ ಮನೆಯಲ್ಲಿ ನಾವಿಬ್ಬರೂ ಮಾತಾಡದ ಒಂದು ವಸ್ತು ಇತ್ತು. ಬೆಡ್‌ರೂಮಿನ ಮೇಲಿನ ಅಟ್ಟದಲ್ಲಿ, ಸೂಟ್‌ಕೇಸುಗಳ ಹಿಂದೆ, ಬಿಳಿ ಪಂಚೆಯಲ್ಲಿ ಕಟ್ಟಿದ ಒಂದು ಗಂಟು.

ನಾನು ಮದುವೆಯಾಗಿ ಬಂದ ಹೊಸತರಲ್ಲೇ ಅತ್ತೆ ಆ ಗಂಟು ಕಟ್ಟಲು ಶುರುಮಾಡಿದ್ದರು, ಮೊಮ್ಮಗುವಿನ ಕೌದಿಗೆಂದು. ಮಾವನ ಧೋತರ, ನಮ್ಮವರ ಶಾಲೆಯ ಆಕಾಶನೀಲಿ ಅಂಗಿ, ಅತ್ತೆಯದೇ ಒಂದು ಸೀರೆ, ದಾವಣಗೆರೆಯಿಂದ ಕೇಳಿ ತರಿಸಿಕೊಂಡ ನಮ್ಮಮ್ಮನ ವಾಯಿಲ್ ಸೀರೆ, ಕೇಳದೆಯೇ ಎತ್ತಿಕೊಂಡ ನನ್ನ ಕಾಲೇಜಿನ ಚೂಡಿದಾರ. ಒಮ್ಮೆ ಆ ಗಂಟು ಕೆಳಗೆ ಇಳಿದಿತ್ತು. ನನಗಾಗ ಐದನೇ ತಿಂಗಳು. ಅತ್ತೆ ಹಾಡು ಗುನುಗುತ್ತಾ ಧೋತರ ಹಾಸಿ, ಅಂಚಿಗೆ ಮೊದಲ ಸಾಲು ಹಾಕಿದ್ದರು. ಆ ಮಗು ಉಳಿಯಲಿಲ್ಲ. ನಾನು ಆಸ್ಪತ್ರೆಯಿಂದ ಮನೆಗೆ ಬಂದಾಗ ಹಾಲಿನ ನೆಲ ಖಾಲಿಯಿತ್ತು, ಗಂಟು ಅಟ್ಟಕ್ಕೆ ಹೋಗಿತ್ತು. ಆಮೇಲೆ ಅದರ ಸುದ್ದಿಯನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮುಂದೆ ಮಕ್ಕಳಾಗಲಿಲ್ಲ. ಬೇಕಾದಷ್ಟು ಅತ್ತು, ಬೇಕಾದಷ್ಟು ಡಾಕ್ಟರುಗಳನ್ನು ನೋಡಿ, ಕೊನೆಗೆ ನಾನೂ ನಮ್ಮವರೂ ಒಂದು ಮಗುವನ್ನು ದತ್ತು ತೆಗೆದುಕೊಳ್ಳುವುದೆಂದು ತೀರ್ಮಾನಿಸಿದೆವು. ಅತ್ತೆಗೆ ಹೇಳಲು ನಾನೇ ಬಾಲ್ಕನಿಗೆ ಹೋದೆ. ಅವರು ಮೆಂತ್ಯ ಕೀಳುತ್ತಿದ್ದರು. ನಾನು ಹೇಳಿ ಮುಗಿಸುವವರೆಗೂ ಕೈ ನಿಲ್ಲಲಿಲ್ಲ. ಮುಗಿದ ಮೇಲೆ ಬೇರಿನ ಮಣ್ಣು ಕೊಡವುತ್ತಾ, "ಆತು. ನಿಮ್ಮಿಬ್ಬರ ಮನಸಿಗೆ ಬಂದಿದ್ದು ಮಾಡ್ರಿ" ಎಂದರು.

ಅಷ್ಟೇ. ಬೇಡ ಅನ್ನಲಿಲ್ಲ, ಸಂತೋಷ ಅಂತಲೂ ಅನ್ನಲಿಲ್ಲ. ಆ ಮಾತನ್ನು ನಾನು ಎಷ್ಟು ಸಲ ಮಗುಚಿ ಹಾಕಿ ನೋಡಿದೆನೋ. ಅವತ್ತಿನಿಂದ ನನ್ನ ಕಣ್ಣು ಅಟ್ಟದ ಮೇಲೆ. ಮಗು ಯಾವಾಗ ಸಿಗುತ್ತದೋ ಎಂಬ ಕಾತರ ಒಂದು ಕಡೆ, ಈ ಗಂಟು ಕೆಳಗೆ ಬರುತ್ತದೋ ಇಲ್ಲವೋ ಎಂಬ ಸಂಕಟ ಇನ್ನೊಂದು ಕಡೆ. ಮನೆಮಂದಿಯ ಬಟ್ಟೆ ಮಾತ್ರ ಎಂದು ಕಾನೂನು ಮಾಡಿದವರು ಬೇರೆ ಯಾರದೋ ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೆ ಗಂಟು ಬಿಚ್ಚುತ್ತಾರೆಯೇ? ಬಾಯಿ ಬಿಟ್ಟು ಕೇಳಿದರೆ ಮುಗಿಯುತ್ತಿತ್ತು. ಆದರೆ ಕೇಳಿ ಇಳಿಸಿಕೊಳ್ಳುವ ಗಂಟು ನನಗೆ ಬೇಡವಾಗಿತ್ತು. ತಾವಾಗಿ ಇಳಿಸಬೇಕು, ಇಲ್ಲದಿದ್ದರೆ ಅಲ್ಲೇ ಇರಲಿ ಎಂದು ಹಟ ಹಿಡಿದೆ.

ದೀಪಾವಳಿ ಕಳೆದ ಮೇಲೆ ಮಗಳು ಬಂದಳು. ದೂರದ ಊರಿನ ಮಕ್ಕಳ ಮನೆಯೊಂದರಿಂದ ಕರೆದುಕೊಂಡು ಬಂದೆವು. ಒಂದೂವರೆ ವರ್ಷದ ಕೂಸು, ಗುಂಗುರು ಕೂದಲು, ಯಾರನ್ನೂ ನಂಬದ ಕಣ್ಣು. ಕೈಯಲ್ಲಿ ಒಂದು ಟವೆಲು. ಒಂದು ಕಾಲಕ್ಕೆ ಹಳದಿ ಇದ್ದಿರಬೇಕು, ಈಗ ಯಾವ ಬಣ್ಣವೆಂದು ಹೇಳುವುದು ಕಷ್ಟ. ನಡುವೆ ಒಂದು ಬಾತುಕೋಳಿಯ ಚಿತ್ರ, ಕೊಕ್ಕು ಅರ್ಧ ಸವೆದುಹೋಗಿತ್ತು. ಎಡಗೈ ಹೆಬ್ಬೆರಳು ಬಾಯಲ್ಲಿ, ಬಲಗೈ ಬೆರಳು ಬಾತುಕೋಳಿಯ ಕೊಕ್ಕಿನ ಮೇಲೆ, ಹಾಗೆ ಉಜ್ಜುತ್ತಾ ಉಜ್ಜುತ್ತಾ ನಿದ್ದೆ ಹೋಗುತ್ತಿದ್ದಳು. ಟವೆಲನ್ನು ಊಟಕ್ಕೂ ಬಿಡುತ್ತಿರಲಿಲ್ಲ, ಸ್ನಾನಕ್ಕೂ ಬಿಡುತ್ತಿರಲಿಲ್ಲ. ನಾವು ಕೊಂಡು ತಂದಿದ್ದ ಮೆತ್ತನೆಯ ಹೊದಿಕೆಗಳನ್ನೆಲ್ಲ ಕಾಲಿನಿಂದ ಒದ್ದು ಸರಿಸಿದಳು.

ಅತ್ತೆ ಅವಳನ್ನು ಎತ್ತಿಕೊಳ್ಳಲು ಹೋಗಲಿಲ್ಲ. ಬಾಗಿಲಲ್ಲಿ ದೃಷ್ಟಿ ತೆಗೆದರು, ರಾಗಿ ಸರಿ ಮಾಡಿಕೊಟ್ಟರು, ಆಮೇಲೆ ತಮ್ಮ ಪಾಡಿಗೆ ತಾವು ಬಾಲ್ಕನಿಯಲ್ಲಿ ಕೂತರು. ಮಗಳೇ ಒಂದು ದಿನ ಟವೆಲು ಎಳೆದುಕೊಂಡು ಅಲ್ಲಿಗೆ ಹೋದಳು. ಅತ್ತೆ ಮಾತಾಡದೆ ನೀರಿನ ಚೊಂಬು ಕೊಟ್ಟರು. ಅವಳು ಜೋಳದ ಬಕೆಟಿಗೆ ನೀರು ಸುರಿದಳು, ಮತ್ತೆ ಸುರಿದಳು, ಬಾಲ್ಕನಿಯೆಲ್ಲ ಕೆರೆ. ನಾನಾಗಿದ್ದರೆ ಕೂಗಿಬಿಡುತ್ತಿದ್ದೆ. ಅತ್ತೆ ಸೀರೆ ಎತ್ತಿ ಕಟ್ಟಿಕೊಂಡು ಸುಮ್ಮನೆ ಕೂತಿದ್ದರು.

ನೋಡಲು ಚೆನ್ನಾಗಿಯೇ ಇತ್ತು. ಆದರೆ ಗಂಟು ಕೆಳಗಿಳಿಯಲಿಲ್ಲ. ಅದರ ಬದಲು ಆ ದಿನಗಳಲ್ಲಿ ಹಾಲಿನ ನೆಲದ ಮೇಲೆ ಹಾಸಿದ್ದು ಮೇಲಿನ ಮನೆಯವರ ಕೌದಿ. ನಮ್ಮ ಅವರೆಕಾಯಿ ತಿನ್ನುವ ಅದೇ ಮನೆಯವರದು. ಅವರಿಗೆ ಹೊಲಿದುಕೊಡಲು ಅತ್ತೆಗೆ ಬಿಡುವಿದೆ, ನನ್ನ ಮಗಳಿಗೆ ಹೊಲಿಯಲು ಇಲ್ಲ. ನಾನು ಒಳಗೊಳಗೇ ಕುದಿಯುತ್ತಿದ್ದೆ. ಪಾತ್ರೆಗಳನ್ನು ಸ್ವಲ್ಪ ಸದ್ದು ಮಾಡಿಯೇ ಇಡುತ್ತಿದ್ದೆ. ಅತ್ತೆಗೆ ಕೇಳಿಸಲಿಲ್ಲವೋ, ಕೇಳಿಸಿದರೂ ಸುಮ್ಮನಿದ್ದರೋ ಗೊತ್ತಿಲ್ಲ.

ರಜೆ ಮುಗಿದು ನಾನು ಮತ್ತೆ ಆಫೀಸಿಗೆ ಹೋಗಲು ಶುರುಮಾಡಿದ ವಾರವೇ ಅದು ನಡೆಯಿತು. ಮಹದೇವಪುರದ ಕಡೆಯ ಟ್ರಾಫಿಕ್ಕಿನಲ್ಲಿ ಕೂತು ಸಂಜೆ ಮನೆ ಸೇರುವಾಗ ಲಿಫ್ಟಿನ ಬಾಗಿಲು ತೆರೆಯುತ್ತಲೇ ಅಳು ಕೇಳಿಸಿತು. ಅತ್ತೂ ಅತ್ತೂ ಗಂಟಲು ಕಟ್ಟಿದ ಅಳು. ಒಳಗೆ ಹೋದರೆ ನಮ್ಮವರು ಮಗಳನ್ನು ಹೆಗಲಿಗೆ ಹಾಕಿಕೊಂಡು ಹಾಲಿನ ಉದ್ದಕ್ಕೂ ತಿರುಗುತ್ತಿದ್ದರು. ಅತ್ತೆ ನೆಲದ ಮೇಲೆ ಬಟ್ಟೆಗಳ ನಡುವೆ ಕೂತಿದ್ದರು. ಮುಂದೆ ಕತ್ತರಿ. ಕೈಯಲ್ಲಿ ಬಾತುಕೋಳಿ. ಬಾತುಕೋಳಿ ಮಾತ್ರ, ಚೌಕವಾಗಿ ಕತ್ತರಿಸಿದ್ದು. ಉಳಿದ ಟವೆಲು ನಡುವೆ ಕಿಟಕಿ ಕೊರೆದಂತೆ ಒಂದು ಕಡೆ ಬಿದ್ದಿತ್ತು.

ಚಪ್ಪಲಿಯನ್ನೂ ಬಿಡದೆ ಅಲ್ಲೇ ನಿಂತು ಅಂದೆ: "ಅವಳಿಗೇಂತ ಇದ್ದಿದ್ದು ಅದೊಂದೇ ಅತ್ತೆ. ಅದನ್ನೂ ಕತ್ತರಿಸಿ ಹಾಕಿದ್ರಾ? ಬೇರೆ ಕಡೆಯ ಬಟ್ಟೆ ನಿಮ್ಮ ಮನೇಲಿ ಇರಬಾರದು, ಅಲ್ವಾ? ಹಾಗಾದ್ರೆ ಬೇರೆ ಕಡೆಯ ಮಗೂನೂ ಬೇಡ ಅಂತ ಅವತ್ತೇ ಹೇಳಬೇಕಿತ್ತು."

ನಮ್ಮವರು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾದರು. ಅತ್ತೆ ಬಾತುಕೋಳಿಯನ್ನು ತೊಡೆಯ ಮೇಲಿಟ್ಟುಕೊಂಡರು. ಅವರ ಮುಖ ಅಷ್ಟು ಚಿಕ್ಕದಾಗಿದ್ದನ್ನು ನಾನು ಮಾವ ತೀರಿಕೊಂಡ ದಿನವೂ ನೋಡಿರಲಿಲ್ಲ. ಮೆಲ್ಲಗೆ ಅಂದರು: "ಕೆಳಗ ನೋಡು."

ನೋಡಿದೆ. ಸಿಟ್ಟಿನಲ್ಲಿ ಬಂದವಳಿಗೆ ನೆಲದ ಮೇಲೆ ಏನು ಹಾಸಿದೆ ಎನ್ನುವುದೇ ಕಂಡಿರಲಿಲ್ಲ. ಬಿಳಿ ಪಂಚೆ ಬಿಚ್ಚಿ ಹರಡಿತ್ತು. ಕೆಳಗೆ ಮಾವನ ಧೋತರ. ಅದರ ಮೇಲೆ ಆಕಾಶನೀಲಿ ಅಂಗಿಯ ತುಂಡು, ಅತ್ತೆಯ ಸೀರೆಯ ಸೆರಗು, ನಮ್ಮಮ್ಮನ ವಾಯಿಲಿನ ಸಣ್ಣ ಹೂ, ನನ್ನ ಚೂಡಿದಾರದ ಕೆಂಪು. ಎಲ್ಲ ಸುತ್ತಲೂ ಜೋಡಿಸಿ, ನಟ್ಟನಡುವೆ ಒಂದು ಚೌಕ ಖಾಲಿ ಬಿಟ್ಟಿದ್ದರು.

"ಕೂಸಿನ ಕೌದಿಗೆ ಮನಿ ಮಂದಿ ಅರಿವೀನ ಆಗಬೇಕಲ್ಲವಾ" ಎಂದರು ಅತ್ತೆ. ಅರಿವೆ ಎಂದರೆ ಅವರ ಮಾತಿನಲ್ಲಿ ಬಟ್ಟೆ. "ಇವನ ಕಡೀದು ಐತಿ, ನಿನ್ನ ಕಡೀದು ಐತಿ. ಅಕಿ ಕಡಿಂದ ಯಾರನ್ನ ಕೇಳ್ಲಿ? ಅಕಿ ಕಡಿ ಮಂದಿ ಅಂದ್ರ ಈ ಬಾತುಕೋಳಿ ಒಂದ. ಅದಕ ನಡುವ ಇಡೂಣು ಅಂತ ಮಾಡಿದ್ನಿ. ಮಲಗಿದ್ಲು, ಏಳೂದ್ರಾಗ ಹೊಲದು ಕೊಡೂಣಂದ್ರ ಕತ್ತರಿ ಸಪ್ಪಳಕ್ಕ ಎದ್ದು ನೋಡಿಬಿಟ್ಲು."

ಧೋತರದ ಅಂಚು ಸವರುತ್ತಾ ಹೇಳಿದರು: "ಹಿಂದ ಒಮ್ಮಿ ಕೂಸು ಬರೂದ್ರಾಗ ಗಂಟ ಬಿಚ್ಚಿದ್ನಿ. ಗಡಿಬಿಡಿ ಮಾಡಿ ಕೆಡಿಸಿಕೊಂಡ್ನಿ ಅಂತ ಅನ್ನಿಸ್ತಿತ್ತು. ಈ ಸಲ ಕೂಸು ಬಂದು, ಮನಿ ಹೊಂದಿ, ಒಂದೀಟು ನಕ್ಕ ಮ್ಯಾಲ ಬಿಚ್ಚೂಣು ಅಂತ ತಡದ್ನಿ. ನಿನ್ನೆ ನೀರ ಹಾಕೂವಾಗ ನಕ್ಕಳು."

ನಾನು ಚಪ್ಪಲಿ ಹಾಕಿಕೊಂಡೇ ಕೌದಿಯ ಪಕ್ಕ ಕೂತುಬಿಟ್ಟೆ. ಆ ಮಗು ಉಳಿಯದ್ದರ ತಪ್ಪನ್ನು ಅಷ್ಟು ವರ್ಷ ಅವರು ತಮ್ಮ ಮೇಲೆ ಹಾಕಿಕೊಂಡು ಕೂತಿದ್ದರು, ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ. ಮಗಳೂ ಅಳುತ್ತಿದ್ದಳು. ನಮ್ಮವರು ಯಾರನ್ನು ಸಮಾಧಾನ ಮಾಡುವುದೆಂದು ತಿಳಿಯದೆ ಅಡುಗೆಮನೆಗೆ ಹೋಗಿ ಚಹಾಕ್ಕೆ ಇಟ್ಟರು.

ನಮ್ಮಿಬ್ಬರ ನಡುವಿನದು ಅಲ್ಲಿಗೆ ಮುಗಿಯಿತು, ಮಗಳದು ಮುಗಿಯಲಿಲ್ಲ. ಅವಳ ಲೆಕ್ಕದಲ್ಲಿ ಈ ಅಜ್ಜಿ ತನ್ನ ಬಾತುಕೋಳಿಯನ್ನು ಕಿತ್ತುಕೊಂಡ ಹೆಂಗಸು. ಉಳಿದ ಟವೆಲು ಕೊಟ್ಟರೆ ಎಸೆದಳು. ಚೌಕ ಕೊಟ್ಟರೆ ತೆಗೆದುಕೊಂಡಳು, ಆದರೆ ಅದು ಎಳೆದಾಡುವಷ್ಟು ದೊಡ್ಡದಿಲ್ಲ, ಸುತ್ತಿಕೊಳ್ಳಲು ಬರುವುದಿಲ್ಲ, ಅದನ್ನು ನೋಡಿ ನೋಡಿ ಮತ್ತೆ ಅಳು. ಅತ್ತೆ ಬಾಲ್ಕನಿಗೆ ಹೋದರೆ ಇವಳು ಒಳಗೆ ಓಡುತ್ತಿದ್ದಳು. ನೀರಿನ ಚೊಂಬು ಮುಟ್ಟಲಿಲ್ಲ. ಅತ್ತೆ ಊಟ ಬಿಟ್ಟವರಂತೆ ಆದರು. ತಟ್ಟೆಯ ಮುಂದೆ ಕೂತು ರೊಟ್ಟಿ ಮುರಿಯುತ್ತಿದ್ದರೇ ಹೊರತು ತಿನ್ನುತ್ತಿರಲಿಲ್ಲ. "ಕೂಸಿನ ಕಡೆ ನೋಡೂದಕ್ಕೂ ಮುಖ ಇಲ್ಲದಂಗ ಮಾಡ್ಕೊಂಡ್ನಿ" ಎಂದು ಒಮ್ಮೆ ನನ್ನ ಹತ್ತಿರ ಅಂದರು. ಗಂಟಿಗಾಗಿ ಒದ್ದಾಡಿದವಳು ನಾನು. ಈಗ ನೋಡಿದರೆ, ಗಂಟೂ ಬಿಚ್ಚಿ, ಮೊಮ್ಮಗಳೂ ಬಂದು, ಅವಳು ಹತ್ತಿರ ಸುಳಿಯದೆ ಅತ್ತೆ ಒದ್ದಾಡುತ್ತಿದ್ದರು.

ನಾನೇ ಹೇಳಿದೆ, ಆಗಿದ್ದು ಆಯಿತು, ಹೊಲಿದುಬಿಡಿ ಎಂದು. ನನಗೆ ಹೊಲಿಗೆ ಬರುವುದಿಲ್ಲ, ಸೂಜಿಗಳಿಗೆ ದಾರ ಪೋಣಿಸಿ ಸಾಲಾಗಿ ಸೋಫಾದ ತೋಳಿಗೆ ಚುಚ್ಚಿಡುವ ಕೆಲಸ ವಹಿಸಿಕೊಂಡೆ. ಅತ್ತೆ ಮೊದಲು ಬಾತುಕೋಳಿಯನ್ನೇ ನಡುವೆ ಇಟ್ಟು ನಾಲ್ಕೂ ಕಡೆ ಹೊಲಿದರು. ಮಗಳು ದೂರದಿಂದ ನೋಡಿದಳು. ಅತ್ತೆ ನೀರು ಕುಡಿಯಲು ಎದ್ದದ್ದೇ ತಡ, ಓಡಿ ಬಂದು ಉಗುರಿನಿಂದ ಕೀಳತೊಡಗಿದಳು. ಒಂದು ಅಂಚು ಬಿಚ್ಚಿಯೇಬಿಟ್ಟಳು. ನಾನು ತಡೆಯಲು ಹೋದರೆ ಅತ್ತೆ, "ಬಿಡು, ಅಕೀದು ಅದು, ಬೇಕಾದ್ರ ಕೀಳ್ತಾಳ" ಎಂದರು. ಬಂದು ಕೂತು ಬಿಚ್ಚಿದ್ದನ್ನೇ ಮತ್ತೆ ಹೊಲಿದರು.

ಇದೇ ಆಟ ದಿನವೂ ನಡೆಯಿತು. ಇವರು ಹೊಲಿಯುವುದು, ಅವಳು ಕೀಳುವುದು. ಮೊದಮೊದಲು ಅತ್ತೆ ಎದ್ದು ಹೋದಾಗ ಮಾತ್ರ ಬರುತ್ತಿದ್ದವಳು ಆಮೇಲೆ ಅವರು ಕೂತಿದ್ದಾಗಲೇ ಬರತೊಡಗಿದಳು. ಆಮೇಲೆ ಅವರ ತೊಡೆಗೆ ಒರಗಿ ನಿಂತು ಕೀಳತೊಡಗಿದಳು. ಅತ್ತೆ ಅವಳ ಕಡೆ ನೋಡುತ್ತಲೇ ಇರಲಿಲ್ಲ, ನೋಡಿದರೆ ಎಲ್ಲಿ ಓಡಿಹೋಗುತ್ತಾಳೋ ಎಂದು. ಅಂಚಿನ ಕಡೆಯಿಂದ ಸಾಲು ಹಾಕಿಕೊಂಡು ನಡುವಿಗೆ ಬರುತ್ತಿದ್ದರು.

ಒಂದು ಮಧ್ಯಾಹ್ನ ನಾನು ಮನೆಯಿಂದಲೇ ಕೆಲಸ ಮಾಡುತ್ತಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೀಟಿಂಗಿನಲ್ಲಿದ್ದೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು, ಕೂಗುತ್ತಲೇ ಇತ್ತು. ಅತ್ತೆ ಇದ್ದೂ ಯಾಕೆ ಆರಿಸುತ್ತಿಲ್ಲವೆಂದು ಸಿಡುಕುತ್ತಾ ಎದ್ದು ಬಂದೆ. ಅತ್ತೆ ಕಾಲು ಚಾಚಿ ಕೂತಿದ್ದರು. ಕಾಲ ಮೇಲೆ ಕೌದಿ. ಕೌದಿಯ ಮೇಲೆ ಮಗಳು, ಹೆಬ್ಬೆರಳು ಬಾಯಲ್ಲಿ, ಬೆರಳು ಬಾತುಕೋಳಿಯ ಕೊಕ್ಕಿನ ಮೇಲೆ, ಗಾಢ ನಿದ್ದೆ. ಸೂಜಿ ಅರ್ಧ ಹೊಲಿಗೆಯಲ್ಲಿ ನಿಂತಿತ್ತು. ಅತ್ತೆ ಅಲ್ಲಾಡದೆ, ಕಣ್ಣಿನಲ್ಲೇ ಒಲೆಯ ಕಡೆ ತೋರಿಸಿ ಆರಿಸು ಎಂದು ಸನ್ನೆ ಮಾಡಿದರು. ಅವಳು ಏಳುವವರೆಗೂ ಹಾಗೇ ಕೂತಿದ್ದು, ಆಮೇಲೆ ಕಾಲು ಜೋಮು ಹಿಡಿದು, ಅವರನ್ನು ಎಬ್ಬಿಸಲು ನಾನೂ ನಮ್ಮವರೂ ಇಬ್ಬರೂ ಹಿಡಿಯಬೇಕಾಯಿತು. ಎದ್ದವರು ಆವತ್ತು ಹೊಟ್ಟೆ ತುಂಬ ಉಂಡರು.

ಕೊನೆಯ ಮೂಲೆಯ ಬಾಯೊಂದು ಉಳಿದಾಗ ಎಳ್ಳಮವಾಸ್ಯೆ ಹತ್ತಿರ ಬಂತು. ಈ ಸಲ ಚರಗ ಬಕೆಟಿಗೆ ಬೇಡ, ಕೂಸಿಗೆ ನಿಜವಾದ ಹೊಲ ತೋರಿಸಬೇಕು ಎಂದು ಅತ್ತೆ ಹಟ ಹಿಡಿದರು. ನಮ್ಮ ಗೇಟಿನ ಹೊರಗೆ ಸೊಪ್ಪು ಮಾರಲು ಬರುವ ಒಬ್ಬ ಹೆಂಗಸಿದ್ದಾಳೆ, ನಾವೆಲ್ಲ ಸೊಪ್ಪಿನಕ್ಕ ಎಂದೇ ಕರೆಯುತ್ತೇವೆ. ಸರ್ಜಾಪುರದಾಚೆ ಅವರ ಹೊಲ. ಅತ್ತೆಗೂ ಅವಳಿಗೂ ಬೀಜ ಕೊಟ್ಟು ತೆಗೆದುಕೊಂಡು ಬೆಳೆದ ಸ್ನೇಹ, ಇವರ ಮಾತು ಅವಳಿಗೆ ಅರ್ಧ ಅರ್ಥವಾಗುತ್ತದೆ, ಅವಳ ಮಾತು ಇವರಿಗೆ ಅರ್ಧ. ನಾನು ವಿಷಯ ಹೇಳಿದಾಗ ಅವಳು ಸೊಪ್ಪಿನ ಕಟ್ಟು ಕೆಳಗಿಟ್ಟು ನನ್ನನ್ನೇ ನೋಡಿದಳು.

"ಅನ್ನಾನ ಒಲಕ್ಕೆ ಎರಚ್ತೀರಾ? ಇದೇನಕ್ಕ ಇಂಗೆ? ನಮ್ಮತ್ತೆ ಇದ್ದಿದ್ರೆ ಬೆನ್ ಮೇಲೆ ನಾಕು ಬಾರ್ಸೋರು. ಆಗ್ಲಿ ಬನ್ನಿ, ಅವರೆಕಾಯ್ ಬಿಡಿಸ್ತಾ ಇದೀವಿ, ನೀವೂ ಒಂದ್ ಕೈ ಆಕಿ."

ಹೋದೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಎಳ್ಳು ಹೋಳಿಗೆ, ಮೊಸರನ್ನ, ಜೊತೆಗೆ ಬಾಯಿ ಮುಚ್ಚದ ಕೌದಿ. ಒಂದು ಕಡೆ ಯಾವುದೋ ಲೇಔಟಿನ ಕಾಂಪೌಂಡು, ಇನ್ನೊಂದು ಕಡೆ ಚೆಂಡುಹೂ, ನಡುವೆ ಸೊಪ್ಪಿನಕ್ಕನ ಹೊಲ. ರಾಗಿ ಕೊಯ್ದು ಮೆದೆ ಒಟ್ಟಿದ್ದರು, ಅವರೆ ನಿಂತಿತ್ತು. ಬೆಳಗಿನ ಮಂಜು ಇನ್ನೂ ಪೂರ್ತಿ ಹೋಗಿರಲಿಲ್ಲ, ಕೈಗೆಲ್ಲ ಅವರೆಯ ಸೊಗಡು ಹತ್ತಿತು. ಅತ್ತೆ ಸೆರಗು ಬಿಗಿದು, ಮಗಳನ್ನು ಸೊಂಟಕ್ಕೇರಿಸಿಕೊಂಡು, ಎಲ್ಲ ಅಡುಗೆ ಕಲಸಿದ ಪಾತ್ರೆ ನನ್ನ ಕೈಗೆ ಕೊಟ್ಟು, "ಹುಲ್ಲುಲ್ಲಿಗೋ, ಚಲ್ಲಂಬರಿಗೋ" ಎಂದು ಕೂಗುತ್ತಾ ಬದುವಿನ ಮೇಲೆ ಹೊರಟರು. ಮಗಳು ಹೆದರುತ್ತಾಳೆಂದುಕೊಂಡೆ. ಅವಳು ಅಜ್ಜಿಯ ಬಾಯನ್ನೇ ನೋಡಿ, ಆಮೇಲೆ ಪಾತ್ರೆಗೆ ಕೈ ಹಾಕಿ ಅನ್ನ ಎಸೆದಳು. ಅರ್ಧ ಹೊಲಕ್ಕೆ, ಅರ್ಧ ನನ್ನ ತಲೆಗೆ.

"ಯಾಕಮ್ಮ ಇಂಗೆ ಎರಚೋದು?" ಎಂದು ಸೊಪ್ಪಿನಕ್ಕ ಹಿಂದೆಯೇ ಬಂದು ಕೇಳಿದಳು.

"ಭೂಮಿತಾಯಿ ಬಸರಿ ಅದಾಳವಾ. ಅಕಿಗೆ ಬಯಕಿ ಊಟ" ಎಂದರು ಅತ್ತೆ.

"ಅಂಗಾ? ಅಂಗಾದ್ರೆ ಎರಚಿ ಬುಡಿ, ಆ ಮೂಲೆಗೂ ಸ್ವಲ್ಪ ಎರಚಿ, ಅಲ್ಲಿ ಪ್ರತಿಸಲ ಕಾಯೇ ಕಚ್ಚಲ್ಲ" ಎಂದು ಅವಳೇ ದಾರಿ ತೋರಿಸಿದಳು.

ಉಣ್ಣಲು ಕೂತಾಗ ಅತ್ತೆ ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡರು. ಮೂಲೆಯ ಬಾಯನ್ನು ಬೆರಳಿನಿಂದ ಅಗಲಿಸಿ ಹಿಡಿದು, "ಕೂಸಿನವ್ವ ಎಲ್ಲಿದಾಳ? ತುತ್ತು ಅಕೀನ ಹಾಕಬೇಕು" ಎಂದರು. ನಾನು ಕ್ಷಣಕಾಲ ಆ ಕಡೆ ಈ ಕಡೆ ನೋಡಿದೆ, ಯಾರನ್ನು ಕರೆಯುತ್ತಿದ್ದಾರೆಂದು. ನಮ್ಮವರು ನನ್ನ ಬೆನ್ನಿಗೆ ಮೆಲ್ಲಗೆ ತಿವಿದರು. ಅಲ್ಲಿಯವರೆಗೆ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಹೋಳಿಗೆಯ ಒಂದು ಚೂರು ಮುರಿದೆ.

ಮುರಿದ ಚೂರು ಕೌದಿಯ ಬಾಯಿಗೆ ಹೋಗುವ ಮೊದಲೇ ಮಗಳು ಕಿತ್ತುಕೊಂಡು ತನ್ನ ಬಾಯಿಗೆ ಹಾಕಿಕೊಂಡಳು. ಎರಡು ಸಲ ಅಗಿದಳು. ಅಜ್ಜಿ ಬ್ಯಾಗಿನ ಬಾಯಿಯಂತೆ ಹಿಡಿದಿದ್ದ ಮೂಲೆಯನ್ನು ನೋಡಿದಳು. ಬಾಯಿಂದ ಆ ಚೂರನ್ನು ತೆಗೆದು, ಒದ್ದೆ ಬೆರಳಿನಿಂದ ಅದರೊಳಗೆ ತುರುಕಿದಳು. ನಾನು ಅಯ್ಯೋ ಎಂಜಲು ಎನ್ನುವಷ್ಟರಲ್ಲಿ ಅತ್ತೆ ಸೂಜಿ ಚುಚ್ಚಿಯಾಗಿತ್ತು. ಹೊಲಿದು, ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದರು. ಕಾರಿನಲ್ಲಿ ವಾಪಸು ಬರುವಾಗ ಮಗಳು ಅದನ್ನೇ ಹೊದ್ದು ಅಜ್ಜಿಯ ಮಡಿಲಲ್ಲಿ ನಿದ್ದೆ ಹೋದಳು.

ಮನೆಗೆ ಬಂದು ಬುತ್ತಿಯ ಪಾತ್ರೆಗಳನ್ನು ತೊಳೆದಿಟ್ಟು ನಾನು ಬೆಡ್‌ರೂಮಿಗೆ ಹೋದೆ. ಅತ್ತೆ ಮಂಚದ ಮೇಲೆ ಅದೇ ಬಿಳಿ ಪಂಚೆ ಹಾಸಿಕೊಂಡು ಕೂತಿದ್ದರು. ಪಂಚೆಯ ಮೇಲೆ ಒಂದೇ ಒಂದು ಬಟ್ಟೆ ಇತ್ತು, ನಡುವೆ ತೂತಿದ್ದ ಆ ಟವೆಲು. ಒಗೆದು, ಒಣಗಿಸಿ, ಮಡಿಸಿದ್ದರು. ಅದನ್ನು ಪಂಚೆಯಲ್ಲಿಟ್ಟು ನಾಲ್ಕು ಮೂಲೆ ಸೇರಿಸಿ ಗಂಟು ಹಾಕಿದರು.

"ಇದ್ಯಾರಿಗೆ ಅತ್ತೆ?" ಎಂದೆ.

"ಇಕಿ ಮಗಳಿಗೆ" ಎಂದರು, ನಾಳೆಯೇ ಹುಟ್ಟುತ್ತದೆ ಎನ್ನುವಂತೆ. "ಮನಿ ಮಂದಿ ಅರಿವಿ ಈಗಿಂದ ಕೂಡಿಸಬೇಕು. ಇಕೀದು ಒಂದು ಆತು. ನಿಂದ ಆ ಹಸರ ಇಳಕಲ್ ಪೆಟಗ್ಯಾಗ ಇಟ್ರ ಹಳೇದು ಹ್ಯಾಂಗ ಆಗಬೇಕು? ತಗದು ಉಡು."

ಗಂಟನ್ನು ನಾನೇ ಅಟ್ಟಕ್ಕೆ ಏರಿಸಿದೆ, ಸೂಟ್‌ಕೇಸುಗಳ ಹಿಂದೆ ಅಲ್ಲ, ಮುಂದೆ. ಮರುದಿನ ಆಫೀಸಿಗೆ ಸೀರೆ ಉಟ್ಟು ಹೋದೆ.